ಕಂದೀಲಕ್ಕನ ಗಂಡ ಸತ್ತ ಸುದ್ದಿ

ಗಂಡ ಹಿತ್ತಿಲಲ್ಲಿ ಟಣಟಣ ತಗಡು ಬಡಿಯುತ್ತಿರುವಾಗಲೇ, ಅವನು ಸತ್ತುಹೋದದ್ದಕ್ಕೆ ಕಂದೀಲಕ್ಕ ಸಮಾಧಾನದ ಮಾತು ಕೇಳಬೇಕಾಗಿ ಬಂತು.

ಬೆಳಗಿನ ಹೊತ್ತು. ಬೀದಿಗೆ ತೆರೆದ ಕಿಟಕಿಯ ಕೆಳಗಿನ ಉದ್ದ ಮೇಜಿನ ಮುಂದೆ ಕೂತು ಅವಳು ತಗಡಿನ ಮೇಲೆ ಉಳಿಯಿಂದ ಎಲೆ ಕೊರೆಯುತ್ತಿದ್ದಳು. ಮೇಜು ಅಂದರೆ ಯಾವುದೋ ಒಡೆದ ಮನೆಯ ಬಾಗಿಲು. ಬೀಗದ ತೂತು ಇನ್ನೂ ಹಾಗೇ ಇದೆ, ಅದರೊಳಗೆ ಪೆನ್ಸಿಲು ಸಿಕ್ಕಿಸಿಡುತ್ತಾಳೆ. ಗೋಡೆಯ ಮೊಳೆಗಳಿಗೆ ತಯಾರಾದ ಕಂದೀಲುಗಳು ತೂಗುತ್ತಿದ್ದವು. ಕೆಲವು ಗುಂಡಗೆ, ಕೆಲವು ಗೋಪುರದ ಹಾಗೆ ಉದ್ದಕ್ಕೆ. ಎಲ್ಲಕ್ಕೂ ಮಳೆನೀರು ಒಳಗೆ ಇಳಿಯದ ಹಾಗೆ ತಗಡಿನ ಟೋಪಿ. ತೋಟದ ಮರಕ್ಕೋ ಮಾಡಿನ ಕೊಕ್ಕೆಗೋ ನೇತುಹಾಕಿ ಒಳಗೊಂದು ಬತ್ತಿ ಹಚ್ಚಿಟ್ಟರೆ, ಅವಳು ಕೊರೆದ ಎಲೆ, ಮೀನು, ಬಳ್ಳಿಗಳೆಲ್ಲ ನೆಲದ ಮೇಲೆ ಬೆಳಕಾಗಿ ಹರಡಿಕೊಳ್ಳುತ್ತವೆ.

ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ವಯಸ್ಸಾದವಳು, ನೆಟ್ಟಗಿನ ಬೆನ್ನು, ಕೈಯಲ್ಲಿ ಬಟ್ಟೆಯ ಚೀಲ.

"ಕಂದೀಲು ಮಾಡೋರು ನೀವೇ ಅಲ್ವಾ?"

"ನಾವೇ ಅಮ್ಮ. ಬನ್ನಿ ಒಳಗೆ."

ಬಂದವಳು ಸ್ಟೂಲಿನ ಮೇಲೆ ಕೂತು, ಚೀಲದಿಂದ ಒಂದು ಕಂದೀಲು ತೆಗೆದು ಮೇಜಿನ ಮೇಲಿಟ್ಟಳು. ಹಿಡಿಕೆಯ ರಿವೆಟ್ ಸಡಿಲವಾಗಿದೆ ಅಂದಳು. ಆದರೆ ರಿವೆಟ್ಟಿನ ಮಾತು ಬರೀ ನೆಪ ಅಂತ ಕಂದೀಲಕ್ಕನಿಗೆ ಆಗಲೇ ಅನಿಸಿತು. ಯಾಕೆಂದರೆ ಆಕೆ ಉಳಿ ಹಿಡಿದಿದ್ದ ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡು ಬಿಟ್ಟೇ ಇರಲಿಲ್ಲ.

"ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಅಂದ್ಕೊಂಡಿದ್ದೆ. ನಾನು ಟೀಚರ್ ಆಗಿದ್ದವಳು. ನಮ್ಮೋರು ಹೋದ ಮೇಲೆ ಹಾಸಿಗೆ ಬಿಟ್ಟು ಏಳೋಕೇ ಮನಸ್ಸಿರಲಿಲ್ಲ. ನಿಮ್ಮ ವಿಷಯ ಓದಿದ ಮೇಲೆ, ಆ ತಾಯಿ ಸುತ್ತಿಗೆ ಹಿಡಿದು ಬದುಕ್ತಿದಾಳೆ, ನನಗೇನು ದಾಡಿ ಅಂತ ಎದ್ದು ಕೂತೆ ನೋಡಿ."

ತನ್ನ ವಿಷಯ ಯಾರು ಬರೆದರು, ಎಲ್ಲಿ ಬರೆದರು ಅಂತ ಕಂದೀಲಕ್ಕನಿಗೆ ಹೊಳೆಯಲಿಲ್ಲ. ಆದರೂ ಹೊಗಳಿಕೆ ಯಾರಿಗೆ ಕಹಿ? "ಕೈಗೆ ಕೆಲಸ ಇದ್ರೆ ಮನಸ್ಸಿಗೆ ಸಮಾಧಾನ ಅಮ್ಮ," ಅಂದಳು.

"ನಿಮ್ಮೋರಿಗೆ ಏನಾಗಿತ್ತು?"

"ಬೆಸುಗೆ ಹೊಗೆ ಕುಡಿದೂ ಕುಡಿದೂ ಎದೆ ಹಿಡ್ಕೊಂಡಿತ್ತು. ದೊಡ್ಡಾಸ್ಪತ್ರೆಗೆ ಸೇರಿಸಿದ್ವಿ."

ಟೀಚರಮ್ಮನ ಕಣ್ಣು ತುಂಬಿತು. "ಅಲ್ಲೇ ಹೋದ್ರಾ?"

"ಹೂಂ, ಅಲ್ಲಿಗೇ ಹೋದ್ರು. ಬೇರೆ ಕಡೆ ಹೋಗೋ ಶಕ್ತಿ ನಮಗೆಲ್ಲಿದೆ ಹೇಳಿ?"

ಮಾತು ಹೀಗೆ ಒಂದೊಂದು ದಾರಿ ಹಿಡಿದು ಹೋಗುತ್ತಿರುವಾಗ ಹಿತ್ತಿಲ ಬಾಗಿಲಿನಿಂದ ತಗಡಣ್ಣ ಒಳಗೆ ಬಂದ. ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೇ. ಮೂಗಿನ ತುದಿಗೆ ಮಸಿ, ಕಂಕುಳಲ್ಲಿ ತಗಡಿನ ಸುರುಳಿ. "ಏ, ಸಣ್ಣ ಕತ್ತರಿ ಎಲ್ಲಿಟ್ಟೆ? ನೀನು ಎತ್ತಿಟ್ಟ ಸಾಮಾನು ಹುಡುಕೋಕೆ ಪೊಲೀಸ್ ನಾಯಿ ಬೇಕು."

ಟೀಚರಮ್ಮ ಅವನನ್ನು ನೋಡಿದಳು. "ಇವರು ಯಾರು?"

"ನಮ್ಮೋರು."

"ಮತ್ತೆ ಮದುವೆ ಮಾಡ್ಕೊಂಡ್ರಾ?"

"ಅಯ್ಯೋ, ಏನಮ್ಮ ಹಾಗಂದ್ರೆ? ನಾನಾಗಿದ್ದು ಒಂದೇ ಮದುವೆ. ಅದೇ ಸಾಕಾಗಿಹೋಗಿದೆ."

ಆಕೆಯ ಕೈ ಸಡಿಲವಾಯಿತು. ಮುಖದಲ್ಲಿದ್ದ ಮರುಕವೆಲ್ಲ ಒಂದೇ ಸಲಕ್ಕೆ ಇಂಗಿಹೋಯಿತು. ಕಂದೀಲಿನ ಕೊರಳಿಗೆ ದಾರದಲ್ಲಿ ಕಟ್ಟಿದ್ದ ದಪ್ಪ ಕಾಗದದ ಚೀಟಿಯನ್ನು ತಿರುಗಿಸಿ ಕಂದೀಲಕ್ಕನ ಮುಂದೆ ಹಿಡಿದಳು. "ಇದು ನೀವಲ್ವಾ?"

ಚೀಟಿಯ ಮೇಲೆ ಕಂದೀಲಕ್ಕನದೇ ಫೋಟೋ. ತಲೆ ತಗ್ಗಿಸಿ, ಕೆನ್ನೆಗೆ ಕೈ ಕೊಟ್ಟು ಕೂತಿದ್ದಾಳೆ. ಕೆಳಗೆ ಚೆಂದದ ಅಕ್ಷರದಲ್ಲಿ: "ಈ ದೀಪವನ್ನು ರೂಪಿಸಿದ್ದು ಎರಡು ಒಂಟಿ ಕೈಗಳು. ಬಾಳಸಂಗಾತಿಯನ್ನು ಕಳೆದುಕೊಂಡ ಈ ತಾಯಿ, ಆತ ಬಿಟ್ಟುಹೋದ ಸುತ್ತಿಗೆಯಿಂದಲೇ ಬದುಕು ಕಟ್ಟಿಕೊಳ್ಳುತ್ತಿದ್ದಾರೆ. ನೀವು ಹಚ್ಚುವ ಪ್ರತಿ ಬತ್ತಿಯೂ ಅವರ ಕತ್ತಲೆಗೆ ಒಂದು ಬೆಳಕು."

ಕಂದೀಲಕ್ಕ ಓದಿದಳು. ಅಕ್ಷರಗಳು ಅರ್ಥವಾದವು, ಮಾತು ಅರ್ಥವಾಗಲಿಲ್ಲ. ಮತ್ತೆ ಓದುವಷ್ಟರಲ್ಲಿ ಟೀಚರಮ್ಮ ಬಾಗಿಲ ಬಳಿ ನಿಂತಿದ್ದಳು.

"ತರಗತೀಲಿ ಮಕ್ಕಳು ಸುಳ್ಳು ಹೇಳಿದ್ರೆ ಕ್ಷಮಿಸ್ತಿದ್ದೆ. ಬದುಕಿರೋ ಗಂಡನ್ನ ಸಾಯಿಸಿ ವ್ಯಾಪಾರ ಮಾಡೋರನ್ನ ಇವತ್ತೇ ನೋಡಿದ್ದು. ನಾಚಿಕೆ ಆಗ್ಬೇಕು ನಿಮಗೆ."

"ಅಮ್ಮ, ತಾಳಿ, ಇದು ನಾನು ಬರೆದಿದ್ದಲ್ಲ…"

ಆಕೆ ತಾಳಲಿಲ್ಲ. ಕಂದೀಲನ್ನೂ ಒಯ್ಯಲಿಲ್ಲ. ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಸೂಜಿಯನ್ನೂ ತೆಗೆಯದೆ ನೋಡುತ್ತಿದ್ದ. ಇಷ್ಟು ವರ್ಷ ಆ ಬೀದಿಯಲ್ಲಿ ಬಾಳಿದ ಕಂದೀಲಕ್ಕ, ಮೋಸಗಾರ್ತಿ ಅಂತ ಅನ್ನಿಸಿಕೊಂಡದ್ದು ಅದೇ ಮೊದಲು.

ತಗಡಣ್ಣ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದವನೇ ನಕ್ಕುಬಿಟ್ಟ. "ಪರವಾಗಿಲ್ವೇ! ಬದುಕಿದ್ದಾಗ ನನ್ನ ಸುತ್ತಿಗೆಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ."

"ನಗು ಬರ್ತಿದೆಯಾ ನಿಮಗೆ?"

"ಅಳ್ಬೇಕಾದೋಳು ನೀನು. ಸತ್ತೋನು ನಗಬಹುದು."

ಅವಳು ಕೈಯಲ್ಲಿದ್ದ ಮರದ ಕೊಡತಿಯನ್ನು ಮೇಜಿನ ಮೇಲೆ ಕುಕ್ಕಿದ ಹೊಡೆತಕ್ಕೆ ಗೋಡೆಯ ಕಂದೀಲುಗಳೆಲ್ಲ ಗಲಗಲ ಅಂದವು. ತಗಡಣ್ಣ ನಗು ನುಂಗಿಕೊಂಡ.

ಆ ಫೋಟೋ ಎಲ್ಲಿಂದ ಬಂತು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಉರಿದದ್ದೂ ಅದಕ್ಕೇ.

ತಗಡಣ್ಣ ಮೊದಲಿಗೆ ಬಕೀಟು, ಲಾಳಿಕೆ, ಪೆಟ್ಟಿಗೆ ಮಾಡುತ್ತಿದ್ದವನು. ಪ್ಲಾಸ್ಟಿಕ್ ಬಂದು ಬಕೀಟನ್ನು ನುಂಗಿತು, ಲಾಳಿಕೆಯನ್ನು ನುಂಗಿತು, ಇವನನ್ನೂ ನುಂಗುವುದರಲ್ಲಿತ್ತು. ಆ ದಿನಗಳಲ್ಲಿ ಇವಳು ಒಂದು ಹಳೆಯ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಒಳಗೆ ಬತ್ತಿ ಇಟ್ಟು ಹಿತ್ತಿಲ ಗಿಡಕ್ಕೆ ನೇತುಹಾಕಿದಳು. ನೋಡಿದವರು ನಮಗೂ ಒಂದು ಇರಲಿ ಅಂದರು. ಅಲ್ಲಿಂದ ಇಬ್ಬರ ಕಸುಬೂ ಒಂದಾಯಿತು. ಬೆಂಕಿಯ ಕೆಲಸ ಅವನದು, ಬೆಳಕಿನ ಕೆಲಸ ಅವಳದು. ಅವನು ಬಾಗಿಸಿ ಬೆಸೆಯುತ್ತಾನೆ, ಅವಳು ಬರೆದು ಕೊರೆಯುತ್ತಾಳೆ. ಊರಾಚೆಯ ದೊಡ್ಡ ತೋಟದಂಗಡಿಯವನು ಮುಕ್ಕಾಲು ಮಾಲನ್ನು ಎತ್ತಿಕೊಂಡು ಹೋಗುತ್ತಿದ್ದ.

ಹೋದ ವರ್ಷ ತಗಡಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಒಪ್ಪಿಕೊಂಡ ಕಂದೀಲುಗಳನ್ನು ಅವಳೊಬ್ಬಳೇ ಮುಗಿಸಿದಳು. ಬೆಸುಗೆ ಅಭ್ಯಾಸವಿಲ್ಲದೆ ಹೆಬ್ಬೆರಳು ಸುಟ್ಟುಕೊಂಡಳು. ಮಾಲು ಹೊತ್ತುಕೊಂಡು ಅಂಗಡಿಗೆ ಹೋದಾಗ ಯಜಮಾನ ಕುರ್ಚಿ ಕೊಟ್ಟ, ನೀರು ಕೊಟ್ಟ, "ಯಜಮಾನ್ರು ಹೇಗಿದಾರಮ್ಮ?" ಅಂತ ಕೇಳಿದ. ಅತ್ತೆಯ ಮುಂದೆ ಅಳದವಳು, ಗಂಡನ ಮುಂದೆ ಅಳದವಳು, ಆ ಹೊರಗಿನವನ ಒಂದು ಮೆತ್ತನೆಯ ಮಾತಿಗೆ ಕುಸಿದು ಅತ್ತುಬಿಟ್ಟಳು. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಒಂದು ಫೋಟೋ ತೆಗೀಲಾ ಅಮ್ಮ? ನಮ್ಮ ಅಂಗಡಿ ಕುಶಲಕರ್ಮಿಗಳು ಅಂತ ಗೋಡೆಗೆ ಹಾಕೋಕೆ," ಅಂದ. ಎಂಥ ಒಳ್ಳೆಯ ಮನುಷ್ಯ, ಹೊಟ್ಟೆ ತಣ್ಣಗಿರಲಿ ಅಂತ ಮನಸ್ಸಿನಲ್ಲೇ ಹರಸಿ ಬಂದಿದ್ದಳು. ಆ ಒಳ್ಳೆಯ ಮನುಷ್ಯ ಅವಳ ಕಣ್ಣೀರನ್ನು ಬಾಟಲಿಗೆ ತುಂಬಿ ಮಾರಲಿಕ್ಕಿಟ್ಟಿದ್ದ.

ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಬಟ್ಟೆ ಮಡಚುತ್ತಿದ್ದಳು. "ಆ ಹೆಂಗಸು ಯಾಕೆ ಕೂಗಾಡಿದ್ಲು?" ಅಂತ ಕೇಳಿದಳು. "ಏನಿಲ್ಲಮ್ಮ, ರಿವೆಟ್ ಸಡಿಲ ಆಗಿತ್ತಂತೆ," ಅಂದ ಮಗ. ಸೊಸೆ ಮಾತ್ರ ಮುಚ್ಚಿಡಲಿಲ್ಲ. ಚೀಟಿಯನ್ನು ಓದಿ ಹೇಳಿದಳು. ಅತ್ತೆ ಇನ್ನೊಮ್ಮೆ ಓದಿಸಿಕೊಂಡಳು. ಸಾಮಾನ್ಯವಾಗಿ, ಪಾತ್ರೆ ಜೋಡಿಸಿಟ್ಟದ್ದು ಸೊಟ್ಟಗಾದರೂ ಬೀದಿ ಕೇಳುವ ಹಾಗೆ ಮಾತಾಡುವ ಮುದುಕಿ. ಅವತ್ತು ಮಾತ್ರ ಎದ್ದು ಹೋಗಿ ಮಗನ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಬೆಸುಗೆಯ ಹೊಗೆ ಕಂಡರಾಗದವಳು, ಮಧ್ಯಾಹ್ನವೆಲ್ಲ ಅದೇ ಹೊಗೆಯಲ್ಲಿ ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. "ಅಮ್ಮ, ಒಳಗೆ ಹೋಗು, ಕೆಮ್ಮು ಬರುತ್ತೆ," ಅಂದರೂ ಕದಲಲಿಲ್ಲ.

ಸಂಜೆ ಸೊಸೆಯನ್ನು ಕರೆದು ಕೇಳಿದಳು: "ಆ ಅಂಗಡಿಗೆ ಹೋಗೋದು ಯಾವಾಗ?"

ತಗಡಣ್ಣ ತಡೆಯಲು ನೋಡಿದ. "ಹೋಗ್ಲಿ ಬಿಡೇ. ಅವನು ಕೈ ಬಿಟ್ರೆ ಮಾಲು ಯಾರು ತಗೋತಾರೆ? ಚೀಟೀಲಿ ಸತ್ರೆ ನನಗೇನು ನೋವಾಗುತ್ತಾ?"

"ನಿಮಗಾಗಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಕಾದೋಳು ನಾನು. ಡಾಕ್ಟ್ರು ಬಾಗಿಲು ತೆಗೆದಾಗೆಲ್ಲ ಜೀವ ಹಿಡ್ಕೊಂಡು ಎದ್ದು ನಿಂತೋಳು ನಾನು. ನಿಮ್ಮನ್ನ ಅಲ್ಲಿಂದ ಎಳ್ಕೊಂಡು ಬಂದಿದ್ದು ಅವನ ಅಂಗಡೀಲಿ ಸಾಯೋಕೆ ಬಿಡೋಕಲ್ಲ."

ರಜೆಯ ದಿನ ನೋಡಿಕೊಂಡು ಮೂವರೂ ಹೊರಟರು. ಅಂಗಡಿ ತುಂಬ ಜನ. ಒಂದು ಕಡೆ ಮಣ್ಣಿನ ಕುಂಡಗಳ ಸಾಲು, ಇನ್ನೊಂದು ಕಡೆ ಕಲ್ಲಿನ ಆಮೆ, ಕಪ್ಪೆ, ಕೊಕ್ಕರೆ. ನಡುವೆ ಸುಮ್ಮನೆ ನೀರು ಉಗುಳುವ ಕಾರಂಜಿ. ಬಳ್ಳಿ ಹಬ್ಬಿಸಿದ ಚಪ್ಪರದ ಕೆಳಗೆ ಅವರ ಕಂದೀಲುಗಳು ತೂಗುತ್ತಿದ್ದವು. ಒಂದೊಂದರ ಕೊರಳಿಗೂ ಒಂದೊಂದು ಚೀಟಿ, ಒಂದೊಂದು ಚೀಟಿಯಲ್ಲೂ ತಲೆ ತಗ್ಗಿಸಿದ ಕಂದೀಲಕ್ಕ. ಗಾಳಿ ಬಂದಾಗ ಅಷ್ಟೂ ಕಂದೀಲಕ್ಕಂದಿರು ಒಟ್ಟಿಗೆ ತಿರುಗಿ ಅವಳನ್ನೇ ನೋಡಿದರು.

ಅತ್ತೆ ಸುಸ್ತಾಗಿ, ಮಾರಾಟಕ್ಕಿಟ್ಟ ಜೋಕಾಲಿಯ ಮೇಲೆ ಕೂತಳು. ಕೆಲಸದ ಹುಡುಗಿ ಓಡಿ ಬಂದು, "ಅಜ್ಜಿ, ಅದು ಮಾರೋಕಿಟ್ಟಿರೋದು," ಅಂದಳು.

"ಗೊತ್ತಮ್ಮ. ನನ್ನ ಮಗನ ಸಾವನ್ನೂ ಮಾರೋಕೇ ಇಟ್ಟಿದೀರಲ್ಲ, ಅದರ ಪಕ್ಕ ಕೂತಿರ್ತೀನಿ."

ಯಜಮಾನ ಬಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. "ಬನ್ನಿ ಅಮ್ಮ, ಬನ್ನಿ. ಹೇಳಿ ಕಳಿಸಿದ್ರೆ ಗಾಡಿ ಕಳಿಸ್ತಿದ್ದೆನಲ್ಲ." ಆಮೇಲೆ ಅವನ ಕಣ್ಣು ತಗಡಣ್ಣನ ಮೇಲೆ ಬಿತ್ತು. "ಓ, ಯಜಮಾನ್ರು ಹುಷಾರಾಗಿದಾರೆ. ತುಂಬಾ ಸಂತೋಷ."

"ಸಂತೋಷಾನಾ?" ಅಂದಳು ಕಂದೀಲಕ್ಕ. "ನಿಮ್ಮ ಚೀಟಿ ಪ್ರಕಾರ ಇವರು ಇಲ್ಲ."

"ಅದು ಹಾಗಲ್ಲಮ್ಮ. ಕಳೆದುಕೊಂಡ ಅಂದ್ರೆ ತೀರಿಕೊಂಡ್ರು ಅಂತಲೇ ಆಗ್ಬೇಕಿಲ್ಲ…"

"ಕಳೆದುಕೊಳ್ಳೋಕೆ ಇವರೇನು ಕೊಡೆ ಏನ್ರೀ? ಬಸ್ಸಲ್ಲಿ ಬಿಟ್ಟು ಬಂದ್ನಾ ನಾನು?"

ಕುಂಡ ಆರಿಸುತ್ತಿದ್ದ ಒಬ್ಬಿಬ್ಬರು ತಲೆ ಎತ್ತಿದರು. ಯಜಮಾನ ದನಿ ಇನ್ನಷ್ಟು ತಗ್ಗಿಸಿದ. "ಒಳಗೆ ಕೂತು ಮಾತಾಡೋಣ. ನೋಡಿ, ಈಗಿನ ಜನ ಬರೀ ಸಾಮಾನು ಕೊಳ್ಳಲ್ಲ, ಅದರ ಹಿಂದಿನ ಕಥೆ ಕೊಳ್ತಾರೆ. ಈ ಚೀಟಿ ಹಾಕಿದ ಮೇಲೆ ನಿಮ್ಮ ಮಾಲು ಎಷ್ಟು ಬೇಗ ಖಾಲಿ ಆಗ್ತಿದೆ ಗೊತ್ತಾ? ಒಳ್ಳೇದಾಗಿದ್ದು ನಿಮಗೇ."

"ಕಥೆ ಬೇಕಿದ್ರೆ ನಿಮ್ಮ ಮನೇದು ಹಾಕಿ. ನಿಮ್ಮ ಹೆಂಡತಿ ಫೋಟೋ ಹಾಕಿ, ಪಾಪ, ಗಂಡನ್ನ ಕಳೆದುಕೊಂಡಿದ್ದಾಳೆ ಅಂತ ಕೆಳಗೆ ಬರೀರಿ."

"ಛೇ! ಎಂಥಾ ಮಾತಾಡ್ತೀರಿ?" ಅವನ ಕಿವಿ ಕೆಂಪಾಯಿತು. "ನಾಲಿಗೆ ಬಿಗಿ ಹಿಡೀರಿ."

"ಒಂದು ಮಾತಿಗೇ ಉರೀತಲ್ಲ ನಿಮಗೆ. ನೀವು ಅಚ್ಚು ಹಾಕಿಸಿ ಊರೆಲ್ಲ ಹಂಚಿದೀರಿ."

ಅವನ ಬೆಣ್ಣೆ ಕರಗಿತು. "ನಾನೇನು ಸುಳ್ಳು ಹುಟ್ಟಿಸಿದ್ನಾ? ಈ ಅಂಗಡೀಲಿ ಕೂತು ಅತ್ತಿದ್ದು ಯಾರು? ಸುತ್ತಿಗೆ ಸದ್ದಿಲ್ಲದ ಮನೇಲಿ ಉಸಿರಾಡೋಕೂ ಆಗ್ತಿಲ್ಲ, ಇವರಿಲ್ಲದೆ ನಾನು ಯಾಕಿರ್ಬೇಕು ಅಂದಿದ್ದು ಯಾರು? ನೀವೇ ಅಲ್ವಾ?"

ತಗಡಣ್ಣ ತಿರುಗಿ ಹೆಂಡತಿಯನ್ನು ನೋಡಿದ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಅವಳು ಅವನಿಗೆ ಹೇಳುತ್ತಿದ್ದದ್ದೇ ಬೇರೆ. ನೀವಿಲ್ಲದೆ ಕೆಲಸ ಇನ್ನೂ ಚುರುಕಾಗಿ ಸಾಗ್ತಿದೆ, ಅಡ್ಡ ಬರೋರು ಯಾರೂ ಇಲ್ಲ, ನಿಧಾನಕ್ಕೆ ಬನ್ನಿ, ಅಂತ. ಅವನು ಅದನ್ನೇ ನಂಬಿದ್ದ, ಆಮೇಲೆ ಊರೆಲ್ಲ ಹೇಳಿಕೊಂಡು ನಗಾಡಿದ್ದ. ಈಗ ಹೆಂಡತಿ ನೆಲ ನೋಡುತ್ತಿದ್ದಳು. ಅವಳ ಗುಟ್ಟನ್ನು ಇಷ್ಟು ಜನರ ನಡುವೆ ಹರಾಜು ಹಾಕಿದವನು ಎದುರಿಗೇ ನಿಂತಿದ್ದ.

ತಗಡಣ್ಣ ಚಪ್ಪರದ ಕೆಳಗೆ ಹೋಗಿ ಮೊದಲ ಚೀಟಿಯ ದಾರಕ್ಕೆ ಕೈ ಹಾಕಿದ. ದಪ್ಪ ಬೆರಳಿಗೆ ಗಂಟು ಬಿಚ್ಚಲು ಬರಲಿಲ್ಲ. ಸೊಂಟದ ಚೀಲದಿಂದ ತಗಡು ಕತ್ತರಿ ತೆಗೆದು ಕಚಕ್ ಅನ್ನಿಸಿದ. ಎರಡನೆಯದು, ಮೂರನೆಯದು.

"ಏಯ್, ಮುಟ್ಟಬೇಡಿ! ಅದು ನನ್ನ ಮಾಲು!" ಯಜಮಾನ ಓಡಿ ಬಂದ.

"ಮಾಲು ನಿಮ್ಮದೇ, ಇಟ್ಕೊಳ್ಳಿ. ಚೀಟಿ ಮೇಲಿರೋದು ನನ್ನ ಹೆಂಡತಿ ಮುಖ." ಕತ್ತರಿ ನಿಲ್ಲಲಿಲ್ಲ. "ಅದನ್ನ ನಾನು ಮಾರಿಲ್ಲ."

ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಹಾಗಾದರೆ ಇದೆಲ್ಲ ಸುಳ್ಳಾ ಅಂತ ಒಬ್ಬ ಕೇಳಿದ. ಬುಟ್ಟಿಯಲ್ಲಿ ಮೀನಿನ ಚಿತ್ರದ ಕಂದೀಲು ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಏನೋ ಹೊಲಸು ಮುಟ್ಟಿದವಳ ಹಾಗೆ ಅದನ್ನು ತೆಗೆದು ವಾಪಸು ಕೊಕ್ಕೆಗೆ ಹಾಕಿದಳು. ಅಂಗಡಿಯವನ ಮಾತಿಗಿಂತ ಹೆಚ್ಚಾಗಿ ಕಂದೀಲಕ್ಕನನ್ನು ಇರಿದದ್ದು ಅದೇ.

"ಯಾಕಮ್ಮ?" ಅಂತ ನೇರವಾಗಿ ಕೇಳಿದಳು. "ಚೆನ್ನಾಗಿದೆ ಅಂತ ತಾನೇ ಆರಿಸಿದ್ರಿ? ನನ್ನ ಗಂಡ ಉಸಿರಾಡ್ತಿದಾನೆ ಅಂತ ಗೊತ್ತಾದ ಕೂಡ್ಲೇ ಮೀನು ಈಜೋದು ನಿಲ್ಲಿಸ್ತಾ?"

ಆ ಹೆಂಗಸು ಗೊಣಗಿಕೊಂಡು ಹೊರಟುಹೋದಳು. ಇನ್ನೊಬ್ಬ ಮುದುಕ ಅದೇ ಕಂದೀಲನ್ನು ಎತ್ತಿ ತಿರುಗಿಸಿ ನೋಡಿ, "ಗಂಡ ಇದ್ರೇನು, ಬಿಟ್ರೇನು, ಕೆಲಸ ಅಚ್ಚುಕಟ್ಟಾಗಿದೆ," ಅಂದ. ಹಾಗಂದವನೂ ಕೊಳ್ಳಲಿಲ್ಲ.

ಎಲ್ಲ ಚೀಟಿಯೂ ಕೆಳಗೆ ಬಿದ್ದ ಮೇಲೆ ಯಜಮಾನ ಒಂದೇ ಮಾತು ಹೇಳಿದ: "ಇನ್ನು ಈ ಕಡೆ ಬರಬೇಡಿ." ಅತ್ತೆ ಜೋಕಾಲಿಯಿಂದ ಇಳಿದು, ಚೀಟಿಗಳನ್ನು ಒಂದೂ ಬಿಡದೆ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. "ನಮ್ಮ ಸೊಸೆ ಇವನ ಕಾಲ ಕೆಳಗೆ ಯಾಕೆ ಬಿದ್ದಿರ್ಬೇಕು?" ಅಂದಳು. ಮದುವೆಯಾಗಿ ಬಂದ ದಿನದಿಂದ ಅತ್ತೆಯ ಬಾಯಲ್ಲಿ ಕಂದೀಲಕ್ಕ ಕೇಳಿದ ಮೊದಲ ಅಕ್ಕರೆಯ ಮಾತು ಅದು. ಸಿಟ್ಟಿನ ಬಿಸಿಯಲ್ಲಿ ಅದನ್ನು ಸವಿಯುವುದಕ್ಕೂ ಆಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನಿದ್ದೆ ಹೋದಳು. ತಗಡಣ್ಣ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ: "ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಏನನ್ನ?"

"ಅತ್ತಿದ್ದನ್ನ."

"ಹೇಳಿದ್ರೆ ತಮಾಷೆ ಮಾಡ್ತಿದ್ರಿ."

ಅವನು ಇಲ್ಲ ಅನ್ನಲಿಲ್ಲ.

ಟೀಚರಮ್ಮನ ಮಾತು ಮಾತ್ರ ಕಂದೀಲಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅಂಗಡಿಯಿಂದ ಮನೆಮನೆಗೆ ಕುಂಡ ಸಾಗಿಸುವ ಗಾಡಿಯವನು ದಾರಿಯಲ್ಲಿ ಸಿಕ್ಕಾಗ ವಿಚಾರಿಸಿದಳು. "ನಿಮ್ಮ ವಿಳಾಸ ಆ ಟೀಚರಿಗೆ ಕೊಟ್ಟಿದ್ದು ನಾನೇ ಅಕ್ಕ," ಅಂತ ತಲೆ ಕೆರೆದುಕೊಂಡು ಆಕೆಯ ಮನೆಯ ದಾರಿ ಹೇಳಿದ. ಬಿಟ್ಟುಹೋಗಿದ್ದ ಕಂದೀಲಿನ ರಿವೆಟ್ ಬಿಗಿ ಮಾಡಿಕೊಂಡು ಅವಳು ಒಬ್ಬಳೇ ಹೋದಳು.

ಸಣ್ಣ ಮನೆ, ಅದರ ಹಿಂದೆ ಸಣ್ಣ ತೋಟ. ಒಂದು ಮರದ ಬೆಂಚು. ಬೆಂಚಿನ ಮೇಲಿನ ಕೊಂಬೆಯಲ್ಲಿ ಖಾಲಿ ಕೊಕ್ಕೆ. ಟೀಚರಮ್ಮ ಬಾಗಿಲು ತೆಗೆದಳು, ಆದರೆ ದಾರಿ ಬಿಡಲಿಲ್ಲ.

"ಕ್ಷಮೆ ಕೇಳೋಕೆ ಬಂದ್ರಾ?"

"ಇಲ್ಲಮ್ಮ. ನಾನು ತಪ್ಪು ಮಾಡಿಲ್ಲ, ಯಾಕೆ ಕೇಳ್ಲಿ? ನಿಮಗೆ ಎಷ್ಟು ಸಿಟ್ಟಿದೆಯೋ ನನಗೂ ಅಷ್ಟೇ ಇದೆ ಅಂತ ಹೇಳೋಕೆ ಬಂದೆ."

ಬಾಗಿಲಲ್ಲೇ ನಿಂತು, ನಡೆದದ್ದನ್ನೆಲ್ಲ ಹೇಳಿದಳು. ಆಸ್ಪತ್ರೆ, ಕುರ್ಚಿ, ಫೋಟೋ, ಕತ್ತರಿ. ಟೀಚರಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಒಳಗೆ ಕರೆದು ತೋಟದ ಬೆಂಚಿನ ಮೇಲೆ ಕೂರಿಸಿದಳು.

"ನನ್ನ ಸಿಟ್ಟು ಏನು ಗೊತ್ತಾ?" ಅಂದಳು. "ಸಂಜೆ ಇಲ್ಲಿ ಕೂತು ಆ ಚೀಟೀಲಿರೋ ಮುಖದ ಜೊತೆ ಮಾತಾಡ್ತಿದ್ದೆ. ಇವತ್ತು ಹೀಗಾಯ್ತು ಕಣಮ್ಮ, ನಿನಗೂ ಹೀಗಾಗುತ್ತಾ ಅಂತ. ಮಕ್ಕಳ ಹತ್ರ ಹೇಳದೇ ಇರೋದನ್ನೆಲ್ಲ ಹೇಳಿದೀನಿ. ಈಗ ನೋಡಿದ್ರೆ ಅಂಥೋಳು ಇಲ್ಲವೇ ಇಲ್ಲ. ಯಾರ ಹತ್ರ ಹೇಳ್ಕೊಂಡೆ ನಾನು? ಅಂಗಡಿಯವನ ಹತ್ರವಾ?"

ಕಂದೀಲಕ್ಕ ತನ್ನನ್ನು ಮಾತ್ರ ಕದ್ದಿದ್ದಾನೆ ಅಂದುಕೊಂಡಿದ್ದಳು. ಈ ಮುದುಕಿಯ ಒಂಟಿತನಕ್ಕೂ ಅವನು ಕನ್ನ ಹಾಕಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದಿನಗಳ ಬಗ್ಗೆ ಅವಳು ಗಂಡನಿಗೂ ಹೇಳದ ಕೆಲವು ಮಾತುಗಳಿದ್ದವು. ಅವನ್ನು ಟೀಚರಮ್ಮನಿಗೆ ಹೇಳಿದಳು. ಸಮಾಧಾನ ಮಾಡಲಿಕ್ಕೆ ಅಂತಲ್ಲ. ಚೀಟಿಯ ಮುಖ ಸುಳ್ಳಾದರೂ ಅವತ್ತಿನ ಅಳು ಸುಳ್ಳಲ್ಲ ಅಂತ ಆಕೆಗಾದರೂ ಗೊತ್ತಿರಲಿ ಅಂತ.

ಹೊರಡುವಾಗ ಕಂದೀಲನ್ನು ಕೊಕ್ಕೆಗೆ ಹಾಕಲು ಹೋದರೆ ಟೀಚರಮ್ಮ ತಡೆದಳು. "ಅದು ಬೇಡ. ಅದನ್ನ ನೋಡಿದ್ರೆ ಅವನ ಮಾತೇ ನೆನಪಾಗುತ್ತೆ. ಬೇರೆ ಮಾಡಿಕೊಡಿ."

"ಏನು ಕೊರೀಲಿ ಹೇಳಿ. ನಿಮ್ಮ ಯಜಮಾನ್ರಿಗೆ ಏನು ಇಷ್ಟ ಇತ್ತು?"

ಆಕೆ ಯೋಚಿಸಿದಳು. "ಇಷ್ಟದ್ದು ನೆನಪಿಗೆ ಬರ್ತಿಲ್ಲ. ಗುಬ್ಬಿ ಕಂಡ್ರೆ ಆಗ್ತಿರಲಿಲ್ಲ. ಬಿತ್ತಿದ ಬೀಜ ಎಲ್ಲ ಹೆಕ್ಕಿ ತಿಂತವೆ ಅಂತ ಇದೇ ಬೆಂಚಿನ ಮೇಲೆ ಕಲ್ಲು ಇಟ್ಕೊಂಡು ಕಾಯ್ತಾ ಕೂತಿರ್ತಿದ್ರು. ಒಂದು ಗುಬ್ಬೀಗೂ ಗುರಿ ತಾಗ್ಲಿಲ್ಲ, ಪಕ್ಕದ ಮನೆ ಕಿಟಕಿಗೆ ತಾಗ್ತಿತ್ತು."

"ಹಾಗಾದ್ರೆ ಗುಬ್ಬೀನೇ ಹಾಕ್ತೀನಿ."

"ತುಂಬಾ ಹಾಕಿ," ಅಂದಳು ಟೀಚರಮ್ಮ.

ತೋಟದಂಗಡಿಯ ದಾರಿ ಮುಚ್ಚಿದ ಮೇಲೆ ಗಂಡಹೆಂಡತಿ ವಾರದ ಹೂಗಿಡಗಳ ಸಂತೆಯಲ್ಲಿ ಒಂದು ಮೂಲೆ ಹಿಡಿದರು. ಬಿಸಿಲಿಗೆ ತಗಡು ಕಾಯುತ್ತಿತ್ತು, ಮಳೆ ಬಂದರೆ ಎಲ್ಲವನ್ನೂ ಬಾಚಿಕೊಂಡು ಮರದ ಕೆಳಗೆ ಓಡಬೇಕಿತ್ತು. ಮೊದಮೊದಲು ತಂದದ್ದನ್ನು ತಂದ ಹಾಗೇ ಹೊತ್ತುಕೊಂಡು ವಾಪಸು ಹೋದರು. ಕೊಳ್ಳಲು ಬಂದವರಿಗೆ ತಗಡಣ್ಣ, "ಕೊರೆದಿದ್ದು ಇವಳು, ಬೆಸೆದಿದ್ದು ನಾನು, ಇಬ್ಬರೂ ಇದೀವಿ, ಕಿವಿ ತೂತಾಗೋ ಹಾಗೆ ಜಗಳಾನೂ ಆಡ್ತೀವಿ," ಅಂತ ಹೇಳುತ್ತಿದ್ದ. ಕೆಲವರು ನಕ್ಕು ಕೊಂಡರು, ಹಲವರು ನಕ್ಕು ಹೋದರು. ಟೀಚರಮ್ಮ ತನ್ನ ಜೊತೆ ಬೆಳಗಿನ ವಾಕಿಂಗಿಗೆ ಬರುವ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ಹೊಟ್ಟೆಗೆ ತೊಂದರೆಯಾಗಲಿಲ್ಲ. ಮೊದಲಿನ ಹಾಗೆ ಕೈ ಸಡಿಲವಾಗಿಯೂ ಇರಲಿಲ್ಲ.

ಹಾಗಿರುವಾಗ ಒಂದು ದಿನ ಸಂತೆಗೆ ಬಂದವಳೊಬ್ಬಳ ಚೀಲದಲ್ಲಿ ಕಂದೀಲಕ್ಕ ಒಂದು ಕಂದೀಲು ಕಂಡಳು. ತನ್ನದೇ ಬಳ್ಳಿ, ತನ್ನದೇ ಎಲೆ. ಆದರೆ ಯಂತ್ರದಲ್ಲಿ ಒತ್ತಿದ್ದು. ಎಲ್ಲ ಎಲೆಯೂ ಒಂದೇ ಅಳತೆ, ಒಂದೇ ವಾಲು, ಸಾಲಿನಲ್ಲಿ ನಿಲ್ಲಿಸಿದ ಸಿಪಾಯಿಗಳ ಹಾಗೆ. ತೋಟದಂಗಡಿಯಲ್ಲಿ ಕೊಂಡದ್ದಂತೆ. ಕೊರಳಿಗೆ ಅದೇ ಚೀಟಿ: ಎರಡು ಒಂಟಿ ಕೈಗಳು, ಬಿಟ್ಟುಹೋದ ಸುತ್ತಿಗೆ, ಕತ್ತಲೆಗೆ ಬೆಳಕು. ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾಗಿದ್ದದ್ದು ಫೋಟೋ ಮಾತ್ರ. ಅದರಲ್ಲಿ ಬೇರೆ ಯಾರೋ ಹೆಂಗಸು. ದುಂಡು ಮುಖ, ಗಲ್ಲದ ಮೇಲೊಂದು ಮಚ್ಚೆ, ಕ್ಯಾಮೆರಾ ಕಂಡು ಗಾಬರಿಯಾದ ಕಣ್ಣು.

ಕಂದೀಲಕ್ಕ ಅಂಗಡಿಗೆ ಫೋನು ಮಾಡಿಸಿದಳು. ಎದುರಿನ ದರ್ಜಿ ಹಚ್ಚಿಕೊಟ್ಟ.

"ಅದರಲ್ಲಿ ನಿಮ್ಮ ಫೋಟೋ ಇಲ್ಲವಲ್ಲಮ್ಮ," ಅಂತು ಬೆಣ್ಣೆಯ ದನಿ. "ಇನ್ನು ನಿಮಗೇನು ತೊಂದರೆ?"

"ಆಯಮ್ಮ ಯಾರು?"

"ಯಾರೋ. ಮಾಲು ಕಳಿಸೋರು ಫೋಟೋನೂ ಕಳಿಸ್ತಾರೆ."

"ಅವಳಿಗೆ ಗಂಡ ಇದಾನಾ?"

ಆ ಕಡೆ ಫೋನು ಇಟ್ಟ ಸದ್ದಾಯಿತು.

ಮುಗಿಯಿತು ಬಿಡು ಅಂದವರೇ ಎಲ್ಲ. ಅತ್ತೆಯೂ ಅಂದಳು, ದರ್ಜಿಯೂ ಅಂದ. ಅವಳಿಗೆ ಮುಗಿಯಲಿಲ್ಲ. ಕೊಂಡವಳ ಹತ್ತಿರ ಆ ಚೀಟಿಯನ್ನು ಕೇಳಿ ಇಸಿದುಕೊಂಡು, ಸಂತೆಯಲ್ಲಿ ತನ್ನ ಕಂದೀಲುಗಳ ನಡುವೆ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿದ್ದಾಳೆ. ಬಂದವರನ್ನೆಲ್ಲ, ಇವರನ್ನ ಎಲ್ಲಾದ್ರೂ ನೋಡಿದೀರಾ ಅಂತ ಕೇಳುತ್ತಾಳೆ. ಬುಟ್ಟಿ ಹೆಣೆಯುವವರ ಬೀದಿಯಲ್ಲಿ ಇದೇ ಥರದ ಮಚ್ಚೆಯವಳು ಒಬ್ಬಳಿದ್ದಾಳೆ ಅಂತ ಯಾರೋ ಹೇಳಿದರು. ಹೋಗಿ ನೋಡಿದರೆ ಅವಳಲ್ಲ. ಮತ್ತೆ ಕೇಳುವುದನ್ನು ಬಿಟ್ಟಿಲ್ಲ.

"ಅಲ್ವೇ, ನಿಜವಾಗ್ಲೂ ಸಿಕ್ಕಿದ್ರೆ ಏನು ಹೇಳ್ತೀಯ?" ಅಂತ ತಗಡಣ್ಣ ಒಮ್ಮೆ ಕೇಳಿದ. ತಮಾಷೆಗಲ್ಲ, ತಿಳಿಯಬೇಕು ಅಂತಲೇ ಕೇಳಿದ.

ಅವಳು ತಗಡಿನ ಧೂಳು ಊದಿ, ಉಳಿಯನ್ನು ಗುಬ್ಬಿಯ ಕೊಕ್ಕಿನ ಮೇಲಿಟ್ಟಳು.

"ಮೊದಲು, ನಿಮ್ಮ ಯಜಮಾನ್ರು ಹೇಗಿದಾರೆ ಅಂತ ಕೇಳ್ತೀನಿ. ಆಮೇಲೆ ನಮ್ಮ ಅತ್ತೇನ ಕರ್ಕೊಂಡು ಮೂವರೂ ಹೋಗ್ತೀವಿ ಅವನ ಅಂಗಡಿಗೆ."

"ನಾನು?"

"ನೀವೂ ಬನ್ನಿ. ಕತ್ತರಿ ತನ್ನಿ."